ಹುವಾಂಗಮ್ಮನ ದನಿ ನಿಲ್ಲಿಸಿದ ಸೋಮಲಿಂಗಪ್ಪ

ಸೋಮಲಿಂಗಪ್ಪನವರ ಕಿವಿಯ ವಿಷಯದಲ್ಲಿ ಎರಡು ಮಾತಿಲ್ಲ. ಮಿಲ್ಪಿಟಾಸಿನ ಹೆಡ್‌ಫೋನು ಕಂಪನಿಯೊಂದರಲ್ಲಿ ಹದಿನೆಂಟು ವರ್ಷ ಶಬ್ದ ಪರೀಕ್ಷಿಸಿದ ಕಿವಿ ಅದು. ಎಲ್ಲೋ ಒಂದಿಷ್ಟು ಗುಂಯ್ ಅಂದರೂ ಹಿಡಿದುಬಿಡುತ್ತಿದ್ದರು. ಅದರ ಬಗ್ಗೆ ಕೊಂಚ ಜಂಬವೂ ಇತ್ತು. ಇರಲಿ ಬಿಡಿ, ಬೇರೆ ಯಾವುದಕ್ಕೂ ಜಂಬಪಡುವ ಆಸಾಮಿಯಲ್ಲ.

ಆ ಕಂಪನಿ ಬಾಗಿಲು ಹಾಕಿತು. ಒಂದೂವರೆ ವರ್ಷ ಅಲೆದ ಮೇಲೆ ಸಾನ್ ಹೊಸೆಯ ಪುಟ್ಟ ವಿಯೆಟ್ನಾಮಿ ಟೀವಿ ಚಾನೆಲ್ಲಿನಲ್ಲಿ ಕೆಲಸ ಸಿಕ್ಕಿತು. ಹಿಂದೆ ಬೇರೆಯವರ ಚಾನೆಲ್ಲಿನಲ್ಲಿ ಭಾನುವಾರ ಒಂದು ಗಂಟೆ ಬಾಡಿಗೆಗೆ ಹಿಡಿದು ಸುದ್ದಿ ಓದುತ್ತಿದ್ದವರು ಈ ಚಾನೆಲ್ಲಿನವರು. ಈಗ ಸ್ವಂತ ಚಾನೆಲ್ಲು, ಇಪ್ಪತ್ತನಾಲ್ಕು ಗಂಟೆ ಸುದ್ದಿ, ಅಡುಗೆ, ಹಾಡಿನ ಸ್ಪರ್ಧೆ, ಧಾರಾವಾಹಿ. ಶಬ್ದ ನೋಡಿಕೊಳ್ಳಲು ಒಬ್ಬರು ಬೇಕಿತ್ತು.

"ಬಟ್ ಯು ಡೋಂಟ್ ನೋ ದ ಲ್ಯಾಂಗ್ವೇಜ್, ಅಪ್ಪಾ," ಎಂದಳು ಮಗಳು ಹರ್ಷಿತಾ.

"ಸಪ್ಪಳಕ್ಕ ಯಾವ ಭಾಷಾನವ್ವಾ!"

ಮೂರು ತಿಂಗಳು ನೋಡಿ ಆಮೇಲೆ ಖಾಯಂ ಎಂದಿದ್ದ ಮ್ಯಾನೇಜರು ತುವಾನ್. ಐವತ್ತಾರರ ವಯಸ್ಸಿನಲ್ಲಿ ಇದೂ ಕೈತಪ್ಪಿದರೆ ಇನ್ನೊಂದು ಸಿಗುವುದು ದೂರದ ಮಾತು. ಸೋಮಲಿಂಗಪ್ಪ ಮೈಯೆಲ್ಲ ಕಿವಿಯಾಗಿ ಎರಡೂವರೆ ತಿಂಗಳು ಸುದ್ದಿಯ ಪಾಳಿ ಮಾಡಿದರು. ಒಂದು ತಪ್ಪಿಲ್ಲ.

ಆಮೇಲೊಂದು ಶನಿವಾರ ಮಧ್ಯಾಹ್ನ ಮೊದಲ ಬಾರಿಗೆ ಧಾರಾವಾಹಿಯ ಪಾಳಿ ಬಂತು. ಕೊರಿಯಾದ ಧಾರಾವಾಹಿ. ನಾಯಕ ಬಾಯಿ ತೆರೆದರೆ ಹೆಂಗಸಿನ ದನಿ. ನಾಯಕಿಗೂ ಅದೇ ದನಿ, ಅತ್ತೆಗೂ ಅದೇ, ಪೊಲೀಸನಿಗೂ ಅದೇ. ಅತ್ತರೂ ಕಿರುಚಿದರೂ ಆ ದನಿ ಮಾತ್ರ ಒಂದೇ ಸಮನೆ ಓದಿಕೊಂಡು ಹೋಗುತ್ತಿದೆ. ಅದರಡಿ ಕೊರಿಯನ್ ಮಾತು ಸಣ್ಣಗೆ ಕೇಳುತ್ತಿದೆ. ಸುದ್ದಿ ಓದುವವರ ಮೈಕು ಯಾರೋ ಆರಿಸಲು ಮರೆತಿದ್ದಾರೆ ಎಂದು ನಮ್ಮ ಕಿವಿಯ ಧಣಿ ತೀರ್ಮಾನಿಸಿದರು. ಆ ದನಿಯನ್ನು ಪೂರ್ತಿ ಇಳಿಸಿ ಕೊರಿಯನ್ನನ್ನು ಏರಿಸಿ, ಹಾಯಾಗಿ ಒರಗಿ ಕೂತರು.

ಐದು ನಿಮಿಷಕ್ಕೆ ಆಫೀಸಿನ ಫೋನು ಹೊಡೆದುಕೊಳ್ಳತೊಡಗಿತು. ಇಟ್ಟ ತಕ್ಷಣ ಮತ್ತೆ. ಕಾಲು ಗಂಟೆಯಾಗುವಷ್ಟರಲ್ಲಿ ತುವಾನ್ ಓಡಿಬಂದು ದನಿ ಏರಿಸಿದ. ಏದುಸಿರು ಬಿಡುತ್ತಲೇ ಹೇಳಿದ: "ಅದು ನಮ್ಮ ಪದ್ಧತಿ! ಹೊರಗಿನ ಸಿನಿಮಾ, ಧಾರಾವಾಹಿ ಬಂದರೆ ಒಬ್ಬರೇ ಕೂತು ಎಲ್ಲರ ಮಾತನ್ನೂ ಓದುತ್ತಾರೆ. ಇದು ಮಿಸ್ ಹುವಾಂಗ್. ಮೂವತ್ತು ವರ್ಷದಿಂದ ಓದುತ್ತಿದ್ದಾರೆ."

ಸೋಮಲಿಂಗಪ್ಪ ಹೆಡ್‌ಫೋನು ತೆಗೆದು, ಊಟದ ಡಬ್ಬಿ ಚೀಲಕ್ಕೆ ತುಂಬಿಕೊಂಡು, ಹೋಗು ಅನ್ನಿಸಿಕೊಳ್ಳಲು ಕಾದು ಕೂತರು.

ಸಂಜೆ ನಾಲ್ಕಕ್ಕೆ ತುವಾನ್ ಮತ್ತೆ ಬಂದ. ಜೊತೆಗೊಬ್ಬ ತೆಳ್ಳನೆಯ ಮುದುಕಿ. ಅವರೇ ಹುವಾಂಗಮ್ಮ ಎಂದು ಬಾಯಿ ಬಿಟ್ಟೊಡನೆ ಗೊತ್ತಾಯಿತು. ಸೋಮಲಿಂಗಪ್ಪ ಎದ್ದು ಕೈಮುಗಿದು ಕ್ಷಮೆ ಕೇಳಿದರು. ಆಕೆ ಆ ಕೈಗಳನ್ನು ಹಿಡಿದುಕೊಂಡು ಅಳತೊಡಗಿದರು.

"ಬರುವ ತಿಂಗಳಿಂದ ನನ್ನ ಬದಲು ಕಂಪ್ಯೂಟರು ಓದುವುದಿತ್ತು. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂದಿದ್ದರು ಮಾಲೀಕರು," ಎಂದರು ಇಂಗ್ಲಿಷಿನಲ್ಲಿ, ನಿಧಾನವಾಗಿ. "ಇವತ್ತು ಅವರೇ ಕೂತು ಫೋನು ಎತ್ತಿದರು. ಎಲ್ಲರೂ ಕೇಳಿದ್ದು ಒಂದೇ, ಹುವಾಂಗ್‌ಗೆ ಏನಾಯಿತು, ಹುಷಾರಿಲ್ಲವಾ ಅಂತ. ಕಂಪ್ಯೂಟರು ಬೇಡವೆಂದುಬಿಟ್ಟರು."

ತುವಾನ್ ತಲೆ ಕೆರೆದುಕೊಂಡ. "ಸೋಮವಾರ ಬಂದು ಖಾಯಂ ಕಾಗದಕ್ಕೆ ಸಹಿ ಹಾಕಿ. ಇವರು ಮಾಲೀಕರ ಹತ್ತಿರ ಹಟ ಹಿಡಿದು ಕೂತಿದ್ದರು, ನಿಮ್ಮನ್ನು ಕಳಿಸಿದರೆ ತಾವೂ ಓದುವುದಿಲ್ಲವೆಂದು."

ಸೋಮಲಿಂಗಪ್ಪನವರಿಗೆ ಹೋದ ಜೀವ ಬಂದಂತಾಯಿತು. ಪಾರ್ಕಿಂಗ್ ಲಾಟಿಗೆ ಬಂದು ಕಾರಿನಲ್ಲಿ ಕೂತರು. ಮಗಳಿಗೆ ಫೋನು ಮಾಡಿದರು.

"ನೌಕರಿ ಉಳೀತವ್ವಾ," ಎಂದರು. ಕಣ್ಣೊರೆಸಿಕೊಂಡು ಮತ್ತೆ ಹೇಳಿದರು, "ನಂದೂ ಉಳೀತು, ಆ ಆಯೀದೂ ಉಳೀತು."