ಉಪ್ಪಿನಕಾಯಿಯ ಬಗ್ಗೆ ಯಾರು ಕೇಳುತ್ತಾರೆ?

ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ನನ್ನ ತಂಗಿ ಶೈಲಾ ತುಟಿ ಮುಟ್ಟಿ ನೋಡಿಕೊಂಡಳು. ಗೋಡೆ ಗಡಿಯಾರ ಅವಳ ತಲೆಯ ಮೇಲೆಯೇ ಇತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಅದೇ.

ಲಿಂಗರಾಜಪುರದ ಒಂದು ಹಳೆಯ ಮನೆ. ನಾವು ಫುಡ್ ವಾಕ್‌ಗೆ ಹೋಗಿದ್ದೆವು. (ನಮ್ಮದೇ ಊರಿನಲ್ಲಿ ಗೈಡ್ ಹಿಂದೆ ನಡೆದು ಉಣ್ಣುವುದು ಈಗಿನ ಫ್ಯಾಷನ್.) ಇಂಗ್ಲಿಷರದೂ ನಮ್ಮವರದೂ ಬೆರೆತು ಹುಟ್ಟಿದ ಕಂಟೋನ್ಮೆಂಟಿನ ಆಂಗ್ಲೋ-ಇಂಡಿಯನ್ ಅಡುಗೆಯ ರುಚಿ ನೋಡುವ ಟೂರ್ ಅದು. ತೆಂಗಿನಹಾಲಿನ ಹಳದಿ ಅನ್ನ, ಖೀಮಾ ಉಂಡೆಗಳ ಬಾಲ್ ಕರಿ, ಪೆಪ್ಪರ್ ವಾಟರ್ ಎಂಬ ಅವರ ಸಾರು.

ಶೈಲಾಗೆ ಸೀಗಡಿ ಆಗುವುದಿಲ್ಲ. ಚಿಕ್ಕಂದಿನಿಂದ ಅಲರ್ಜಿ. ಹೊರಡುವಾಗಲೇ ಹೇಳಿದ್ದಳು. "ಡೋಂಟ್ ವರಿ ಮೇಡಂ, ಇವತ್ತು ಸೀಗಡಿ ಐಟಮ್ಮೇ ಇಲ್ಲ" ಎಂದಿದ್ದ ಗೈಡ್ ಕಿರಣ್. ಸುಳ್ಳೇನಲ್ಲ. ಐಟಮ್ ಇರಲಿಲ್ಲ.

ಮನೆಯೊಡತಿ ಡೊರೀನ್ ಆಂಟಿ ತಟ್ಟೆಯ ಅಂಚಿಗೆ ಕೆಂಪು ಉಪ್ಪಿನಕಾಯಿ ಬಡಿಸಿದರು. ಶೈಲಾ ಚಮಚ ಎತ್ತಿ ಒಂದು ಕ್ಷಣ ತಡೆದಳು.

"ಏನ್ ಚೈಲ್ಡ್, ಉಪ್ಪಿನಕಾಯಿಗೂ ಭಯಾನಾ? ನಮ್ಮಮ್ಮನ ರೆಸಿಪಿ, ತಿನ್ನಮ್ಮಾ!"

ಎಲ್ಲರೂ ನಕ್ಕರು. ಅವಳೂ ನಕ್ಕು ಬಾಯಿಗಿಟ್ಟಳು.

ತುಟಿ ಊದತೊಡಗಿತು. "ಮೇಡಂಗೆ ಖಾರ ಹತ್ತಿದೆ, ನೀರು ಕೊಡ್ರಪ್ಪ!" ಎಂದು ಕಿರಣ್ ಫೋನ್ ತೆಗೆದ. (ಹೌದು, ವಿಡಿಯೊ ಮಾಡಲು.)

"ಅಕ್ಕಾ, ಗಂಟ್ಲು ಮುಚ್ಕೋತಿದೆ."

"ಆಂಟಿ, ಇದ್ರಲ್ಲಿ ಏನ್ ಹಾಕಿದೀರಿ?" ಕಿರುಚಿದೆ.

"ಒಣ ಸೀಗಡಿ ಪುಡಿ..." ಅವರ ಮುಖ ಬಿಳಿಚಿಕೊಂಡಿತು. "ಬಟ್ ಅದು ಉಪ್ಪಿನಕಾಯಿ, ಮ್ಯಾನ್. ಯಾರೂ ಕೇಳ್ಲೇ ಇಲ್ವಲ್ಲ!"

ಆಟೊದಲ್ಲಿ ಅವಳ ಉಸಿರು ಶಿಳ್ಳೆಯಂತೆ ಕೇಳುತ್ತಿತ್ತು. ರೈಲ್ವೆ ಸೇತುವೆ ಬಳಿ ಟ್ರಾಫಿಕ್ ನಿಂತಿತು. "ತಂಗಚ್ಚಿಗೆ ಏನೂ ಆಗಲ್ಲಮ್ಮಾ, ಗಟ್ಟಿ ಹಿಡ್ಕೊಳ್ಳಿ" ಎಂದ ಚಾಲಕ ರಾಂಗ್ ಸೈಡಿಗೆ ನುಗ್ಗಿಸಿದ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಶಿಳ್ಳೆ ನಿಂತಿತು. ನಿಂತದ್ದು ಶಿಳ್ಳೆಯೋ ಉಸಿರೋ ತಿಳಿಯದೆ ಅವಳ ಎದೆಯ ಮೇಲೆ ಕೈಯಿಟ್ಟು ನೋಡಿದೆ.

ಎರಡು ದಿನಕ್ಕೆ ಅವಳು ಆಫೀಸಿಗೆ ಹೋದಳು. ಸುಸ್ತಾದವಳು ನಾನು. ಹೊರಮಾವಿನ ಅವಳ ಮನೆಗೆ ಹೊತ್ತುಗೊತ್ತಿಲ್ಲದೆ ಫೋನ್. ಮಲಗಿದರೆ ಅದೇ ಶಿಳ್ಳೆ.

ಯಾರನ್ನು ಬೈಯಲಿ? ಪ್ರೀತಿಯಿಂದ ಬಡಿಸಿದ ಆಂಟಿಯನ್ನೇ? ನಾವೆಲ್ಲರೂ ಹಾಗೇ ಅಲ್ಲವೇ? ಪಲ್ಯ, ಸಾರು ವಿಚಾರಿಸುತ್ತೇವೆ. ನಂಚಿಕೊಳ್ಳುವುದನ್ನು ಊಟದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾರಾದರೂ ಬೇಡವೆಂದರೆ "ಒಂಚೂರು ತಿಂದ್ರೆ ಏನಾಗುತ್ತೆ?" ಎಂಬ ಒತ್ತಾಯ ಬೇರೆ. ಎರಡನೆಯ ಸಲ ಕೇಳಿದವರಿಗೆ ಬಿಂಕದವರೆಂಬ ಹೆಸರು.

ಮೊನ್ನೆ ಭಾನುವಾರ ಹೊಸ ತಿಪ್ಪಸಂದ್ರದಲ್ಲಿ ನೆಂಟರ ಗೃಹಪ್ರವೇಶ. ಎಲೆಯ ಮುಂದೆ ಕೂತ ಶೈಲಾ, ಉಪ್ಪಿನಕಾಯಿ ತಂದವರನ್ನು ತಡೆದಳು. "ಇದ್ರಲ್ಲಿ ಏನೇನಿದೆ ರೀ?"

"ಮಾವಿನಕಾಯಿ ಕಣಮ್ಮಾ. ಇನ್ನೇನು, ಬಂಗಾರ ಹಾಕ್ತಾರಾ?"

ಇಡೀ ಪಂಕ್ತಿ ಗೊಳ್ಳೆಂದಿತು. ಅವಳು ಎಲೆಯಿಂದ ಕೈ ತೆಗೆಯಲಿಲ್ಲ. "ಮತ್ತೆ?" ಎಂದಳು.

ಅವತ್ತು ರಾತ್ರಿ ಮಲಗಿದ ನನಗೆ ಬೆಳಗಾಗುವವರೆಗೆ ಎಚ್ಚರವಾಗಲಿಲ್ಲ. ಜನ ನಕ್ಕರೆ ನಗಲಿ ಬಿಡಿ, ಕೇಳಿದಳಲ್ಲ!