ತಂಗಿಯ ಮೊಟ್ಟೆಗೆ ನನ್ನ ಗೆರೆ

ನಿನ್ನೆ ಬೀಚನಹಳ್ಳಿಯಲ್ಲಿ ತಂಗಿ ಕಾವಿನ ಮೊಟ್ಟೆಯೊಂದನ್ನು ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿದಳು. ಒಳಗೆ ಕೆಂಪು ನರ ಕಂಡಿತು.

ನಾವು ಚಿಕ್ಕವರಿದ್ದಾಗ ನಮ್ಮಜ್ಜಿ ಕೋಳಿಯನ್ನು ಕಾವಿಗೆ ಕೂರಿಸುವಾಗ ನಮಗಿಬ್ಬರಿಗೂ ಒಂದೊಂದು ಮೊಟ್ಟೆ ಕೊಡುತ್ತಿದ್ದಳು. ಹುಟ್ಟಿದ ಮರಿ ಅವರವರದ್ದು. ಇದ್ದಿಲಿನಲ್ಲಿ ನನ್ನದಕ್ಕೆ ಗೆರೆ, ತಂಗಿಯದಕ್ಕೆ ಚುಕ್ಕಿ. ಎಂಟನೇ ದಿನ ಬಾಗಿಲು ಮುಚ್ಚಿ, ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿಗೆ ಒಂದೊಂದನ್ನೇ ಹಿಡಿದು ನೋಡುತ್ತಿದ್ದಳು; ಕೆಂಪು ನರ ಕಂಡರೆ ಒಳಗೆ ಮರಿ ಇದೆ ಎಂದರ್ಥ. ಒಂದು ಸಲ ಅವಳಿಗಿಂತ ಮೊದಲು ನಾನು ಕದ್ದು ನೋಡಿದೆ. ತಂಗಿಯದರಲ್ಲಿ ನರ ಹರಡಿತ್ತು. ನನ್ನದು ಬರೀ ನೀರು. ಎಂಜಲು ಹಚ್ಚಿ ಎರಡೂ ಗುರುತು ಅಳಿಸಿ, ಅದಲುಬದಲು ಮಾಡಿ ಬರೆದೆ.

ಅಜ್ಜಿ ಚುಕ್ಕಿಯ ಮೊಟ್ಟೆಯನ್ನು ಎರಡೆರಡು ಸಲ ಬಿಸಿಲಿಗೆ ಹಿಡಿದಳು.

"ನಿಂದ್ರಲ್ಲಿ ಮರಿ ಇಲ್ಲ ಕಣವ್ವ," ಎಂದಳು ತಂಗಿಗೆ.

ತಂಗಿ ಅಳಲಿಲ್ಲ. "ಅಕ್ಕಂದ್ರಲ್ಲಿ ಐತಾ?" ಎಂದು ಕೇಳಿದಳು.

ಅಜ್ಜಿ ನನ್ನ ಕೈ ಎಳೆದುಕೊಂಡು, ಕಪ್ಪಾಗಿದ್ದ ಬೆರಳುಗಳನ್ನು ಒಂದೊಂದಾಗಿ ತನ್ನ ಸೆರಗಿನಲ್ಲಿ ಒರೆಸಿದಳು.

ನಿನ್ನೆ ತಂಗಿ ಇನ್ನೊಂದು ಮೊಟ್ಟೆಯನ್ನು ನನ್ನತ್ತ ಚಾಚಿದಳು. "ಇದ್ರಲ್ಲಿ ಮರಿ ಐತಾ ನೋಡಕ್ಕ. ನೀನು ಹೇಳಿದ್ರೆ ಸರಿ."

ತೆಗೆದುಕೊಳ್ಳುವ ಮುನ್ನ ಬೆರಳುಗಳನ್ನು ಸೀರೆಗೆ ಒರೆಸಿಕೊಂಡೆ.