ಒಂದೇ ಊದುಬತ್ತಿ

ಚಂದನಾ, ನಂದೀಶ, ತೀರಿಹೋದ ಆ ದೊಡ್ಡ ನಾಯಕರ ವಿಷಯಕ್ಕೆ ಅಣ್ಣ ತಂಗಿ ನೀವಿಬ್ಬರೂ ಮಾತು ಬಿಟ್ಟಿದ್ದೀರಿ. ಒಬ್ಬರಿಗೆ ಅವರು ದೇವರು, ಇನ್ನೊಬ್ಬರಿಗೆ ಕಳ್ಳ. ನಿಮ್ಮ ಅಜ್ಜಿಯಾದ ನನಗೆ ತುಂಬಾ ಸಿಟ್ಟು ಬಂದಿದೆ. ಎದುರಿಗೆ ಬಯ್ಯಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿದ್ಯಾರಣ್ಯಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಊದುಬತ್ತಿ ಹೊಸೆಯುವ ಹೆಂಗಸೊಬ್ಬರಿದ್ದರು. ಆ ನಾಯಕರ ಒಂದು ಆತುರದ ಆದೇಶದಿಂದ ಈಕೆಗೆ ಕೆಲಸ ಕೊಡುತ್ತಿದ್ದ ಕಾರ್ಖಾನೆ ಮುಚ್ಚಿತು. ಟಿವಿಯಲ್ಲಿ ಅವರು ಕಂಡಾಗಲೆಲ್ಲ, ಹೊಸೆದು ಹೊಸೆದು ಕಪ್ಪಾದ ಬೆರಳನ್ನು ಚಾಚಿ, "ನೀನು ತಪ್ ಮಾಡ್ಬುಟ್ಟೆ ಕಣಪ್ಪ" ಎನ್ನುತ್ತಿದ್ದರು. ಆದರೂ ಭಾಷಣ ಮುಗಿಯುವವರೆಗೆ ಕದಲುತ್ತಿರಲಿಲ್ಲ.

ನಾಯಕರು ತೀರಿಕೊಂಡ ದಿನ ಬೀದಿಯವರು ಫೋಟೋ ಇಟ್ಟು ಎರಡು ಊದುಬತ್ತಿ ಹಚ್ಚಿದರು. ಈಕೆ ಹೋಗಿ ಒಂದನ್ನು ಕಿತ್ತರು.

"ದೇವ್ರಿಗೆ ಎರಡು, ಸತ್ತ ಮನುಷ್ಯರಿಗೆ ಒಂದು. ಅಷ್ಟೂ ಗೊತ್ತಿಲ್ವಾ?"

"ಅವ್ರು ದೇವ್ರೇ ಕಣಮ್ಮ!" ಎಂದರು ಹಚ್ಚಿದವರು.

"ದೇವ್ರಾದ್ರೆ ನನ್ ಕೆಲ್ಸ ಹೋಗಿದ್ದನ್ನ ಯಾರ್ನ ಕೇಳ್ಲಿ?"

ಹಿಂದೆ ನಿಂತಿದ್ದ ಒಬ್ಬ, "ಅಂಗೇಳಕ್ಕಾ, ಪೀಡೆ ತೊಲಗ್ತು" ಎಂದು ನಕ್ಕ. ಈಕೆ ಅವನತ್ತ ತಿರುಗಿದರು.

"ಮುಚ್ಚೋ ಬಾಯಿ. ಕಾಯಿಲೆ ಇಟ್ಕೊಂಡೂ ಕೊನೇವರ್ಗೂ ದೇಶಕ್ಕೆ ದುಡಿದ್ರು ಅವ್ರು. ನಿಮ್ಮವ್ವ ಕೂಗ್ಕೊಂಡ್ರೂ ನೀನು ನಲ್ಲಿ ನೀರು ಹಿಡಿಯಕ್ಕೆ ಏಳಲ್ಲ!"

ಆಮೇಲೆ ಕೈ ಮುಗಿದು, ಆ ಒಂದು ಬತ್ತಿ ಉರಿದು ಮುಗಿಯುವವರೆಗೂ ಬಿಸಿಲಲ್ಲೇ ನಿಂತರು.

ಅನ್ನ ಕಳೆದುಕೊಂಡವರೇ ಹಾಗೆ ನಿಂತರು. ನೀವು ಏನು ಕಳೆದುಕೊಂಡಿರಿ ಎಂದು ಮಾತು ಬಿಟ್ಟಿರಿ? ಈ ಪತ್ರದ ಮೊದಲ ಹಾಳೆ ಚಂದನಾಳ ಹತ್ತಿರ ಇರಲಿ, ಎರಡನೆಯದು ನಂದೀಶನ ಹತ್ತಿರ. ಜೋಪಾನವಾಗಿಡಿ. ಪೂರ್ತಿ ಓದಬೇಕೆನಿಸಿದರೆ ಒಬ್ಬರನ್ನೊಬ್ಬರು ಕೇಳಲೇಬೇಕು.